ನೀರು ಒಡೆದ ಕಲ್ಲು

ಏಪ್ರಿಲ್ ತಿಂಗಳ ಬೆಳಗು. ಏಳು ಗಂಟೆಗೇ ಆಳಂದದ ಬಸ್ ನಿಲ್ದಾಣದ ಕಲ್ಲುಹಾಸು ಬೆಚ್ಚಗಾಗಿತ್ತು. ಕಾಕಾ ಬಲಪಕ್ಕೆ ಒತ್ತಿ ಹಿಡಿದು ಕೂತಿದ್ದರು.

‘ತಮ್ಮಾ, ಕಿಡ್ನ್ಯಾಗ ಹರಳ ಅದ ಅಂತ. ಅಪ್ಪಗ ಕೊಯ್ದಂಗ ನನಗೂ ಕೊಯ್ತಾರೇನೋ?’

ಅಜ್ಜನ ಪಕ್ಕೆಯ ಮೇಲಿದ್ದ ಗೇಣುದ್ದದ ಹೊಲಿಗೆಯ ಗುರುತು ನನಗಿನ್ನೂ ನೆನಪಿದೆ. ಸೊಲ್ಲಾಪುರದಲ್ಲಿ ಕೊಯ್ಸಿಕೊಂಡು ಬಂದವರು ಆ ವರ್ಷದ ಬಿತ್ತನೆಗೆ ಹೊಲಕ್ಕೇ ಇಳಿಯಲಿಲ್ಲ.

ಲಾಡ್ಲೆ ಮಶಾಕರ ದರ್ಗಾದ ದಿಕ್ಕಿಗೆ ಕಾಕಾ ಕೈಮುಗಿದರು. ಬಸ್ಸು ಕಲಬುರಗಿಯ ದಾರಿ ಹಿಡಿಯಿತು. ತೊಗರಿ ಕೊಯ್ದ ಎರೆಹೊಲಗಳು ಅಂಗೈ ತೂರುವಷ್ಟು ಬಿರಿದಿದ್ದವು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ದಾಟುವಾಗ ಕಿಟಕಿಯಿಂದ ಬರುತ್ತಿದ್ದದ್ದು ಗಾಳಿಯಲ್ಲ, ಝಳ. ಇದೇ ಝಳದಲ್ಲಿ ಕಾಕಾ ಹೊತ್ತೇರುವತನಕ ನೀರಿಲ್ಲದೆ ದುಡಿದವರು. ಬೆವರಾಗಿ ನೀರು ಹೋದರೆ ಮೂತ್ರ ಗಟ್ಟಿಯಾಗುತ್ತದೆ. ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಆಕ್ಸಲೇಟ್ ಜೊತೆ ಕೂಡಿ ಹರಳುಗಟ್ಟುತ್ತದೆ. ಹೊಲದ ಬಿರುಕಿಗೂ ಕಾಕಾನ ಹರಳಿಗೂ ಕಾರಣ ಒಂದೇ.

ಕಲಬುರಗಿಯ ಆಸ್ಪತ್ರೆಯ ಸ್ಕ್ಯಾನ್‌ನಲ್ಲಿ ಹರಳು 12 ಮಿಲಿಮೀಟರ್. ಎರಡು ತೊಗರಿಕಾಳು ಜೋಡಿಸಿಟ್ಟಷ್ಟು. ‘ಕೊಯ್ಯೂದಿಲ್ರಿ ಯಜಮಾನ್ರ,’ ಅಂದರು ಡಾಕ್ಟರು. ‘ನೀರು ಹೋಗೋ ದಾರ್ಯಾಗೇ ಹೋಗಿ ಪುಡಿ ಮಾಡ್ತೀವಿ.’

ಮರುದಿನ ಪುಡಿ ಮಾಡುವ ಕೆಲಸ ಮುಗಿಯಿತು. ಸಂಜೆ ಡಾಕ್ಟರು ಅದರ ವಿಡಿಯೊ ತೋರಿಸಿದರು. ಬಸ್ಸಿನ ಪ್ರಯಾಣ ಮರೆತೇಹೋಗುವಂಥ ಇನ್ನೊಂದು ಪ್ರಯಾಣ ಅಲ್ಲಿತ್ತು. ಸುಮಾರು ಮೂರು ಮಿಲಿಮೀಟರ್ ದಪ್ಪದ, ತುದಿಯಲ್ಲಿ ಕಣ್ಣಿರುವ ಬಳ್ಳಿಯಂಥ ನಳಿಕೆ ಮೂತ್ರಕೋಶ ದಾಟಿ, ಗೇಣುದ್ದದ ಮೂತ್ರನಾಳ ಏರಿ, ಗುಲಾಬಿ ಬಣ್ಣದ ಗವಿಗಳ ನಡುವೆ ಬಾಗಿ ಬಳುಕಿ ಸಾಗಿತು. ಕೊನೆಯ ಗವಿಯಲ್ಲಿ ಕಂದುಬಣ್ಣದ, ಒರಟು ಮೈಯ ಹರಳು. ಕೂದಲೆಳೆಗಿಂತ ತುಸುವೇ ದಪ್ಪಗಿನ ಗಾಜಿನ ಎಳೆ ಅದರ ಹತ್ತಿರ ಬಂತು. ಮರುಕ್ಷಣ ಗಿರಣಿಯಲ್ಲಿ ಜೋಳದ ಹಿಟ್ಟು ಹಾರುವಂತೆ ಧೂಳೆದ್ದಿತು. ಎಲ್ಲೂ ಒಂದು ಕೊಯ್ತವಿಲ್ಲ!

ಅದು ಥುಲಿಯಂ ಫೈಬರ್ ಲೇಸರ್. ಅದರ ಬೆಳಕಿನ ತರಂಗದುದ್ದ 1940 ನ್ಯಾನೊಮೀಟರ್; ನೀರು ಅತಿ ಆಸೆಯಿಂದ ಹೀರಿಕೊಳ್ಳುವ ಬೆಳಕು. ಹರಳಿನ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿದ ನೀರು ಆ ಬೆಳಕು ಕುಡಿದು ಕ್ಷಣದಲ್ಲೇ ಆವಿಯಾಗಿ ಸಿಡಿಯುತ್ತದೆ, ಹರಳು ಪುಡಿಯಾಗುತ್ತದೆ. ನಾನು ಮೂಕನಾದೆ. ನೀರಿಲ್ಲದ್ದಕ್ಕೆ ಹುಟ್ಟಿದ ಕಲ್ಲನ್ನು ಅದರೊಳಗಿನ ನೀರೇ ಒಡೆಯುತ್ತಿತ್ತು.

ಈ ದಾರಿ ಒಂದು ದಿನದಲ್ಲಿ ಆದದ್ದಲ್ಲ. ಮೂತ್ರಕೋಶದ ಕಲ್ಲು ತೆಗೆಯುವ ಶಸ್ತ್ರಕ್ರಿಯೆಯನ್ನು ವಿವರಿಸಿದ ಸುಶ್ರುತ, ರೋಗಿ ಉಳಿಯುವ ಭರವಸೆಯಿಲ್ಲವೆಂದು ಮೊದಲು ದೊರೆಯ ಅಪ್ಪಣೆ ಕೇಳಲು ಹೇಳಿದ್ದಾನೆ. 1976ರಲ್ಲಿ ಸ್ವೀಡನ್ನಿನ ವೈದ್ಯರು ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ಕಲ್ಲು ತೆಗೆದ ವಿಧಾನವನ್ನು ಪ್ರಕಟಿಸಿದರು. ದೊಡ್ಡ ಕಲ್ಲುಗಳಿಗೆ ಇಂದಿಗೂ ಅದೇ ದಾರಿ. ಆ ರಂಧ್ರವನ್ನು 1.6 ಮಿಲಿಮೀಟರಿನ ಸೂಜಿಯಷ್ಟಕ್ಕೆ ಇಳಿಸಿದ ಅನುಭವವನ್ನು 2011ರಲ್ಲಿ ಜಗತ್ತಿಗೆ ತಿಳಿಸಿದವರಲ್ಲಿ ಗುಜರಾತಿನ ನಡಿಯಾದಿನ ಡಾ. ಮಹೇಶ್ ದೇಸಾಯಿ ಮುಂಚೂಣಿಯಲ್ಲಿದ್ದರು. ಇನ್ನು 1980ರ ಫೆಬ್ರುವರಿ 7ರಂದು ಮ್ಯೂನಿಕ್‌ನಲ್ಲಿ ನಡೆದದ್ದು ಕಥೆಯಂತಿದೆ. ಶಬ್ದಕ್ಕಿಂತ ವೇಗದ ವಿಮಾನಕ್ಕೆ ಮಳೆಹನಿ ಬಡಿದರೆ ಏನಾಗುತ್ತದೆಂದು ಡಾರ್ನಿಯರ್ ಕಂಪನಿಯವರು ಹುಡುಕುತ್ತಿದ್ದರು. ಆ ಹುಡುಕಾಟದ ಬೆನ್ನಲ್ಲೇ ಹುಟ್ಟಿದ ಆಘಾತ ತರಂಗದ ಯಂತ್ರದಿಂದ ಅಂದು ಮೊದಲ ಬಾರಿಗೆ ಮನುಷ್ಯನೊಬ್ಬನ ಮೂತ್ರಪಿಂಡದ ಕಲ್ಲನ್ನು ಮೈಮುಟ್ಟದೆ ಒಡೆದರು. ಅಲ್ಲಿಯೂ ಒಂದು ಹನಿ ನೀರು!

ಮೂರನೆಯ ದಿನ ಕಾಕಾ ನಡೆದೇ ಹೊರಗೆ ಬಂದರು. ಒಳಗಿಟ್ಟ ಸ್ಟೆಂಟ್ ತೆಗೆಸಲು ಎರಡು ವಾರ ಬಿಟ್ಟು ಮತ್ತೆ ಬರಬೇಕು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು, ಇಲ್ಲದಿದ್ದರೆ ಹರಳು ಮತ್ತೆ ಬೆಳೆದೀತು ಎಂದು ಡಾಕ್ಟರು ಒತ್ತಿ ಹೇಳಿದ್ದರು.

ಬಸ್ಸು ಹತ್ತುವ ಮೊದಲು ಕಾಕಾ ಕುಂಬಾರರ ಹತ್ತಿರ ಒಂದು ತತ್ರಾಣಿ ಕೊಂಡು ನೀರು ತುಂಬಿಸಿದರು. ‘ಹೊಲಕ್ಕ ಹೋಗುವಾಗ ಬುತ್ತಿ ಮರತರೂ ಇದನ್ನ ಮರೆಯಂಗಿಲ್ಲ ನೋಡು.’

ಕಡಗಂಚಿ ದಾಟಿತು. ಬಿರಿದ ಎರೆ ಹಿಂದೆ ಹಿಂದೆ ಸರಿಯುತ್ತಿತ್ತು. ಕಾಕಾನ ತೊಡೆಯ ಮೇಲೆ ಹೊಸ ತತ್ರಾಣಿ ಮೆಲ್ಲಗೆ ಜಿನುಗಿ, ಅವರ ಬಿಳಿ ಧೋತರ ತಂಪಾಗಿ ಒದ್ದೆಯಾಗುತ್ತಿತ್ತು.