ಅಪ್ಪನ ಸೈಕಲ್, ಕೆಮ್ಮಣ್ಣುಗುಂಡಿಯ ಏರು

ಹೊರಟವರು ನಾವೊಬ್ಬರೇ. ಜೊತೆಗಿದ್ದದ್ದು ಅಪ್ಪನ ಹಳೇ ಸೈಕಲ್, ಅದರ ಮೇಲೆ 18 ಕೆ.ಜಿ. ಸಾಮಾನು. ವರದಿ ಬರೆದೂ ಬರೆದೂ ಒಬ್ಬರೇ ಇದ್ದರೂ ‘ನಾವು’ ಎನ್ನುವ ಚಟ ಅಂಟಿದೆ, ಓದುಗರು ಸಹಿಸಿಕೊಳ್ಳಬೇಕು.

ಕೆರೆಬಿಳಚಿಯಲ್ಲಿ ಸೈಕಲ್ಲಿಗೆ ಹೊರೆ ಕಟ್ಟುವುದು ಹೊಸದಲ್ಲ. ಸೂಳೆಕೆರೆಯ ಮೀನು, ಹಾಲಿನ ಕ್ಯಾನು, ಹಸಿಹುಲ್ಲು ಎಲ್ಲವೂ ಸೈಕಲ್ ಮೇಲೇ ಓಡಾಡಿವೆ. ಅಪ್ಪ ಅಲ್ಯೂಮಿನಿಯಂ ಪಾತ್ರೆ ಕಟ್ಟಿಕೊಂಡು ಭದ್ರಾವತಿ, ತರೀಕೆರೆ, ಲಿಂಗದಹಳ್ಳಿ ದಾಟಿ ಕಾಫಿ ತೋಟದ ಲೈನುಗಳವರೆಗೆ ಮಾರಲು ಹೋಗುತ್ತಿದ್ದರು. ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಯಾರೂ ಅದನ್ನು ಪ್ರವಾಸ ಎನ್ನಲಿಲ್ಲ. ಈಗ ಮೊಬೈಲಿನಲ್ಲಿ ಹುಡುಗರು ಟೆಂಟ್ ಕಟ್ಟಿಕೊಂಡು ಗುಡ್ಡ ಹತ್ತುವುದನ್ನು ನೋಡಿ ನಮಗೂ ಆಸೆಯಾಯಿತು. ಜನವರಿಯಲ್ಲಿ ಮೂರು ದಿನ ಬಿಡುವು ಮಾಡಿಕೊಂಡು ಅದೇ ದಾರಿ ಹಿಡಿದೆವು.

ಹಿಂದಿನ ಚಕ್ರದ 18 ಹಲ್ಲಿನ ಫ್ರೀವೀಲ್ ತೆಗೆಸಿ 22 ಹಲ್ಲಿನದು ಹಾಕಿಸಿದೆವು. ವೇಗ ಕಡಿಮೆಯಾಗುತ್ತದೆ, ಆದರೆ ಏರಿನಲ್ಲಿ ಪೆಡಲ್ ಹಗುರವಾಗುತ್ತದೆ. ಟೆಂಟು, ಕಂಬಳಿ, ನೀರು, ಪಂಕ್ಚರ್ ಸಾಮಾನು, ಮಂಡಕ್ಕಿ, ಶೇಂಗಾ ಚಟ್ನಿಪುಡಿ. ಎಲ್ಲವನ್ನೂ ಕ್ಯಾರಿಯರ್ ಮೇಲೆ ಗೋಪುರ ಮಾಡಿ ಕಟ್ಟಿದ್ದೆವು. ಅಪ್ಪ ಬಂದು ಮಾತಿಲ್ಲದೆ ಬಿಚ್ಚಿದರು. ತೂಕದ್ದನ್ನು ಎರಡೂ ಪಕ್ಕ ಕೆಳಗೆ ಇಳಿಬಿಟ್ಟು, ಮಂಡಕ್ಕಿ ಚೀಲ ಮಾತ್ರ ಮೇಲೆ ಕಟ್ಟಿದರು. “ಏರಿದ್ದಲ್ಲಿ ಇಳ್ದು ತಳ್ಳು. ಬ್ರೇಕ್ ರಬ್ಬರ್ ನೋಡ್ಕಂಡು ಹೋಗು” ಎಂದರು. ಹೂಂ ಎಂದೆವು. ರಬ್ಬರ್ ನೋಡಲಿಲ್ಲ.

ಮೊದಲ ರಾತ್ರಿ ತರೀಕೆರೆ ಹತ್ತಿರ ಪರಿಚಯದವರ ಅಡಿಕೆ ತೋಟದಲ್ಲಿ, ಪಂಪ್‌ಹೌಸ್ ಪಕ್ಕ ಟೆಂಟ್ ಹಾಕಿದೆವು. ಮುಂದೆ ಕಾಡು. ಅಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ, ಹಾಕಲೂ ಬಾರದು. ಪಕ್ಕದಲ್ಲೇ ಭದ್ರಾ ಹುಲಿ ಮೀಸಲು ಪ್ರದೇಶ, ಆನೆ ಓಡಾಡುವ ಸೀಮೆ.

ಎರಡನೇ ದಿನ ಕಲ್ಲತ್ತಿಗಿರಿಯ ವೀರಭದ್ರ ದೇವಸ್ಥಾನದ ಮುಂದೆ ನೀರು ತುಂಬಿಸಿಕೊಂಡು ಏರು ಹಿಡಿದೆವು. ಕೆಮ್ಮಣ್ಣುಗುಂಡಿ 1434 ಮೀಟರ್ ಎತ್ತರದಲ್ಲಿದೆ. ಡಾಂಬರು ಕಿತ್ತು ಜಲ್ಲಿ ಎದ್ದ ಕಡೆ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತಿತ್ತು. ಇಳಿಯಬಾರದೆಂಬ ಹಠ ಮೂರು ತಿರುವಿಗೆ ಮುಗಿಯಿತು. ಇಳಿದು, ಒಂದು ಕೈ ಹ್ಯಾಂಡಲ್ ಮೇಲೆ, ಒಂದು ಕೈ ಸೀಟಿನ ಮೇಲೆ ಇಟ್ಟು ತಳ್ಳಿದೆವು. ಅಪ್ಪನ ಬಲಭುಜ ಎಡಕ್ಕಿಂತ ಯಾಕೆ ತಗ್ಗಿದೆ ಎಂದು ನಾವು ಯಾವತ್ತೂ ಕೇಳಿರಲಿಲ್ಲ. ಆವತ್ತು ಕೇಳದೆಯೇ ಗೊತ್ತಾಯಿತು.

ಮೇಲೆ ತಂಪು ಗಾಳಿ, ಹೂದೋಟ, ಫೋಟೊ ತೆಗೆಯುವ ಜನ. ಒಂದು ಕಾಲದಲ್ಲಿ ಈ ಕೆಂಪು ಗುಡ್ಡದ ಅದಿರು ತಂತಿಯ ಮೇಲೆ ತೂಗಾಡುವ ತೊಟ್ಟಿಗಳಲ್ಲಿ ಇಳಿದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಸೇರುತ್ತಿತ್ತು. ಅದರ ಬಗ್ಗೆ ನಾವೇ ಒಮ್ಮೆ ಲೇಖನ ಬರೆದಿದ್ದೇವೆ. ಇದೇ ಸೀಮೆಗೆ ಪಾತ್ರೆ ಹೊತ್ತು ಬಂದವರ ಬಗ್ಗೆ ಒಂದು ಸಾಲೂ ಬರೆದಿಲ್ಲ.

ಇಳಿಜಾರಿನಲ್ಲಿ ರಬ್ಬರ್ ಸವೆದು ಕಬ್ಬಿಣ ರಿಮ್ಮಿಗೆ ಉಜ್ಜತೊಡಗಿತು. ಹೆದರಿ ಮುಂದಿನ ಬ್ರೇಕ್ ಜೋರಾಗಿ ಹಿಡಿದೆವು. ಜಲ್ಲಿಯಲ್ಲಿ ಚಕ್ರ ಜಾರಿ ಬಿದ್ದೆವು. ಮೊಣಕೈ ಕಿತ್ತುಹೋಯಿತು. ಸಾಮಾನು ಮಾತ್ರ ಒಂದೂ ಬಿಚ್ಚಲಿಲ್ಲ, ಅಪ್ಪ ಹಾಕಿದ ಗಂಟು. ಅಲ್ಲಿಂದ ಇಳಿಜಾರಿನಲ್ಲೂ ನಡೆದೇ ಬಂದೆವು.

ಕತ್ತಲಾಗುವಾಗ ಲಿಂಗದಹಳ್ಳಿ. ಒಂದು ಮನೆಯ ಜಗಲಿಯಲ್ಲಿ ಮಲಗಲು ಕೇಳಿದೆವು. ಅಜ್ಜಿ ಮೊಣಕೈಗೆ ಅರಿಶಿನ ಕೊಟ್ಟು, ಸೈಕಲ್ ನೋಡಿ, “ಮೊದ್ಲು ಪಾತ್ರೆ ಮಾರೋರು ಹಿಂಗೇ ಬಂದು ಮಲ್ಗೋರು ಕಣಪ್ಪ” ಎಂದರು. ಅವರಲ್ಲಿ ನಮ್ಮಪ್ಪನೂ ಇದ್ದರೇನೋ, ಅಜ್ಜಿಗೆ ಹೆಸರು ನೆನಪಿರಲಿಲ್ಲ.

ಮಾರನೇ ದಿನ ತರೀಕೆರೆಯಲ್ಲಿ ಹೊಸ ರಬ್ಬರ್ ಹಾಕಿಸಿ, ರಾತ್ರಿ ಊರು ಮುಟ್ಟಿದೆವು. ಅಪ್ಪ ಮೊಣಕೈ ನೋಡುವ ಮೊದಲು ಬ್ರೇಕ್ ನೋಡಿದರು. ಊಟ ಆದಮೇಲೆ, “ಅಪ್ಪ, ನೀವು ರಾತ್ರಿ ಎಲ್ಲೆಲ್ಲಿ ಮಲಗ್ತಿದ್ರಿ?” ಎಂದು ಕೇಳಿದೆವು. ಜಿಲ್ಲೆಯ ಯಾರ್ಯಾರದೋ ಹೇಳಿಕೆ ಬರೆದುಕೊಂಡ ನಾವು ಮನೆಯಲ್ಲಿದ್ದ ಮನುಷ್ಯನನ್ನು ಮೊದಲ ಸಲ ಕೇಳಿದ ಪ್ರಶ್ನೆ ಅದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರ್ಕಂತೀಯಾ?” ಎಂದರು.

ದಿನಾ ರಾತ್ರಿ ಸ್ವಲ್ಪ ಸ್ವಲ್ಪ ಹೇಳುತ್ತಿದ್ದಾರೆ. ಒಂಬತ್ತು ಪುಟ ಆಗಿದೆ. ಇನ್ನೂ ಭದ್ರಾವತಿ ದಾಟಿಲ್ಲ.