ಎಳನೀರು, ನೋವಿನ ಮಾತ್ರೆ ಮತ್ತು ಅಪ್ಪನ ಕಿಡ್ನಿ

ನಮ್ಮ ದಬ್ಬೇಘಟ್ಟದ ಕಡೆ ಯಾರಿಗಾದರೂ ಕಿಡ್ನಿ ತೊಂದರೆ ಅಂತ ಗೊತ್ತಾದರೆ, ನೋಡೋಕೆ ಬರೋರು ಬರಿಗೈಲಿ ಬರಲ್ಲ, ಎಳನೀರು ತರ್ತಾರೆ. ಕಳೆದ ಬೇಸಿಗೆಯಲ್ಲಿ ಅಪ್ಪನ ಕ್ರಿಯಾಟಿನಿನ್ 2.1 ಅಂತ ರಿಪೋರ್ಟ್ ಬಂದ ಮೇಲೆ ನಮ್ಮ ಜಗಲಿಯಲ್ಲೂ ಗೊನೆಗಟ್ಟಲೆ ಎಳನೀರು ಬಂದು ಬಿತ್ತು.

ಕಾರಣ ಮಂಡಿನೋವಿನ ಮಾತ್ರೆ. ಅಪ್ಪನಿಗೆ ಅರವತ್ತೆರಡು. ಕಾಯಿ ಸುಲಿಯೋದು, ಅಟ್ಟದಿಂದ ಕೊಬ್ಬರಿ ಇಳಿಸೋದು, ಮೂಟೆ ಹೊರೋದು ಇವತ್ತಿಗೂ ಬಿಟ್ಟಿಲ್ಲ. ಸಂಜೆಗೆ ಮಂಡಿ ಹಿಡಿದುಕೊಂಡರೆ ಒಂದು ಡೈಕ್ಲೋಫೆನಾಕ್. ಚೀಟಿ ಗೀಟಿ ಏನೂ ಇಲ್ಲ, ಅಂಗಡಿಯವರು ಹತ್ತರ ಶೀಟು ಕತ್ತರಿಸಿ ಕೊಡ್ತಾರೆ. ಹೀಗೇ ಎರಡು ವರ್ಷ, ಬೀಪಿ ಮಾತ್ರೆಯ ಜೊತೆಗೇ.

ಬಿಸಿಲಲ್ಲಿ ಬೆವರಿ ಮೈಯಲ್ಲಿ ನೀರು ಕಮ್ಮಿಯಾದಾಗ ಕಿಡ್ನಿ ತನ್ನೊಳಗೆ ಬರುವ ರಕ್ತನಾಳವನ್ನು ಹಿಗ್ಗಿಸಿಕೊಂಡು ಹೇಗೋ ಸಂಭಾಳಿಸುತ್ತದೆ. ಹಾಗೆ ಹಿಗ್ಗಿಸಲು ಬೇಕಾದ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವನ್ನೇ ನೋವಿನ ಮಾತ್ರೆ ತಡೆಯುತ್ತದೆ. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳ ಬಗ್ಗೆ ಕೇಳಿರಬಹುದು. ದೇಶದಲ್ಲಿ ರಣಹದ್ದುಗಳ ಸಂತತಿ ಕುಸಿದದ್ದು ಇದೇ ಡೈಕ್ಲೋಫೆನಾಕಿನಿಂದ. ಔಷಧಿ ಕೊಟ್ಟಿದ್ದ ದನ ಸತ್ತ ಮೇಲೆ ಅದರ ಮಾಂಸ ತಿಂದು ಕಿಡ್ನಿ ಹೋಗಿ ಸತ್ತವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದು ನಿಷೇಧವಾಯಿತು. ಮನುಷ್ಯರು ರಣಹದ್ದಿನಷ್ಟು ಸೂಕ್ಷ್ಮ ಅಲ್ಲ, ನಿಜ. ಆದರೆ ಇದನ್ನು ಹೇಳಿದಾಗಲೇ ಅಪ್ಪ ಮಾತ್ರೆ ಡಬ್ಬಿ ನನ್ನ ಕೈಗೆ ಕೊಟ್ಟದ್ದು.

ಅಷ್ಟರಲ್ಲಿ ಬೆಂಗಳೂರಿನಿಂದ ಚಿಕ್ಕಪ್ಪನ ಮಗ ಒಂದು ಪುಡಿ ಡಬ್ಬಿ ತಂದ. "ಔಷಧಿಯಿಂದ ಕೆಟ್ಟ ಕಿಡ್ನಿ ಕಾಪಾಡುತ್ತೆ ಕಣಣ್ಣ, ಚೀನಾದ್ದು, ಸಾವಿರಾರು ವರ್ಷದ್ದು" ಅಂದ. ನಾನು ಸಾಫ್ಟ್‌ವೇರ್ ಕೆಲಸದವನು, ವೈದ್ಯನಲ್ಲ. ಲಾಗ್ ಓದೋ ಚಾಳಿಯಿಂದ ಎರಡು ರಾತ್ರಿ ಓದಿದೆ. ಹುವಾಂಗ್‌ಚಿ ಎಂಬ ಬೇರು, ಹಿಮಾಲಯದಲ್ಲೂ ಸಿಗುವ ಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ, ಇವು ಕೆಲವು ಔಷಧಿಗಳ ಹಾನಿಯಿಂದ ಇಲಿಗಳ ಕಿಡ್ನಿಯನ್ನು ಸ್ವಲ್ಪ ಕಾಪಾಡಿದ ಪ್ರಯೋಗಗಳು ಇವೆ. ಸುಳ್ಳಲ್ಲ. ಆದರೆ ಮನುಷ್ಯರ ಮೇಲಿನ ಕಾರ್ಡಿಸೆಪ್ಸ್ ಅಧ್ಯಯನಗಳನ್ನು 2014ರಲ್ಲಿ ಒಟ್ಟು ಹಾಕಿ ನೋಡಿದ ಕಾಕ್ರೇನ್ ತಂಡ, ಲಾಭ ಇರಬಹುದು, ಪುರಾವೆ ಮಾತ್ರ ದುರ್ಬಲ ಅಂದಿತು.

ನನ್ನನ್ನು ಹೆದರಿಸಿದ್ದು ಬ್ರಸೆಲ್ಸಿನ ಕಥೆ. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಯ ಗುಳಿಗೆ ನುಂಗಿದ ಎಷ್ಟೋ ಹೆಂಗಸರ ಕಿಡ್ನಿ ಹೋಯಿತು, ಕೆಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ರೂ ಬಂತು. ಫಾಂಗ್‌ಜಿ ಎಂಬ ಬೇರಿನ ಬದಲು ಹೆಚ್ಚುಕಮ್ಮಿ ಅದೇ ಹೆಸರಿನ ಇನ್ನೊಂದು ಬೇರು ಸೇರಿತ್ತು. ಅದರಲ್ಲಿದ್ದದ್ದು ಅರಿಸ್ಟೊಲೋಕಿಕ್ ಆಮ್ಲ. ಚೀನಾವನ್ನೇ ಬೈಯ್ಯಬೇಕಿಲ್ಲ, ಹಾವು ಕಚ್ಚಿದರೆ ಅಂತ ನಮ್ಮವರು ಬೇಲಿಯಲ್ಲಿ ಬೆಳೆಸುವ ಈಶ್ವರಿ ಬಳ್ಳಿಯಲ್ಲೂ ಅದೇ ಆಮ್ಲ ಇದೆ!

ಪುಡಿ ಡಬ್ಬಿಯ ಮೇಲೆ ಏನೇನು ಸೇರಿದೆ ಅಂತ ಪೂರ್ತಿ ಬರೆದಿರಲಿಲ್ಲ. ತುಮಕೂರಿನ ಡಾಕ್ಟರಿಗೆ ತೋರಿಸಿದೆವು. ಬದುವಿನ ಕೊಮ್ಮೆ ಗಿಡ, ಅಂದರೆ ಪುನರ್ನವದ ಕಷಾಯದ ಬಗ್ಗೆಯೂ ಅಮ್ಮ ಕೇಳಿದರು. ಅವರು ಯಾವುದನ್ನೂ ಹೀಯಾಳಿಸಲಿಲ್ಲ. "ಮೊದಲು ಕೆಡಿಸಿದ್ದನ್ನ ನಿಲ್ಸೋಣ. ಈಗಲೇ ಹೊಸದು ಸೇರಿಸಿದ್ರೆ ಯಾವುದು ಏನು ಮಾಡ್ತಿದೆ ಅಂತ ನನಗೆ ಗೊತ್ತಾಗಲ್ಲ" ಅಂದರು. ಬಗ್ ಹುಡುಕುವವನಿಗೆ ಈ ಮಾತು ಬೇಗ ಅರ್ಥ ಆಗುತ್ತೆ.

ಆಮೇಲೆ ಕೇಳಿದರು, "ಎಳನೀರು ಎಷ್ಟು ಕುಡೀತೀರಿ ಯಜಮಾನ್ರೆ?" ದಿನಕ್ಕೆ ಮೂರು. ಪೊಟ್ಯಾಸಿಯಂ 5.8 ಆಗಿತ್ತು. ನೂರು ಮಿಲಿಲೀಟರ್ ಎಳನೀರಲ್ಲಿ ಸುಮಾರು 200ರಿಂದ 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತೆ. ಗಟ್ಟಿ ಕಿಡ್ನಿ ಅದನ್ನು ಹೊರಗೆ ಹಾಕುತ್ತೆ, ಸೋತ ಕಿಡ್ನಿಗೆ ಆಗಲ್ಲ. ಕೆಲವು ಬೀಪಿ ಮಾತ್ರೆಗಳೂ ಅದನ್ನು ಏರಿಸುತ್ತವೆ. ಹೆಚ್ಚಾದರೆ ಎದೆಬಡಿತವೇ ತಪ್ಪಬಹುದು.

ಇದನ್ನು ಊರಲ್ಲಿ ಹೇಳೋದು ಎಷ್ಟು ಕಷ್ಟ ಗೊತ್ತಾ? "ಎಳ್ನೀರು ಕುಡುದ್ರೆ ಕಿಡ್ನಿ ಹೋಗ್ತದಾ? ನಿಂಗೆ ಓದು ಜಾಸ್ತಿ ಆಗೈತೆ ಕಣ್ಲಾ" ಅಂದರು ದೊಡ್ಡಪ್ಪ. ಅಮ್ಮ ಜಗಳ ಆಡಲಿಲ್ಲ. ಯಾರು ತಂದರೂ ಈಸ್ಕೊಂಡು, ಅಲ್ಲೇ ಕೆತ್ತಿಸಿ ತಂದವರಿಗೇ ಕುಡಿಸಿ ಕಳಿಸ್ತಾರೆ.

ಮಂಡಿಗೆ ಈಗ ಬಿಸಿನೀರಿನ ಶಾಖ, ವ್ಯಾಯಾಮ, ತೀರಾ ನೋವಿದ್ದರೆ ಡಾಕ್ಟರು ಹೇಳಿದಷ್ಟೇ ಪ್ಯಾರಾಸಿಟಮಾಲ್. ನಾಲ್ಕು ತಿಂಗಳಿಗೆ ಕ್ರಿಯಾಟಿನಿನ್ 1.5ಕ್ಕೆ ಇಳಿದಿದೆ, ಪೂರ್ತಿ ಹಿಂದಿನಂತೆ ಆಗುತ್ತೆ ಅಂತ ಡಾಕ್ಟರು ಹೇಳಿಲ್ಲ. ಮುಂದಿನ ತಿಂಗಳು ಮತ್ತೆ ರಕ್ತ ಪರೀಕ್ಷೆ ಇದೆ. "ಅದ್ರಲ್ಲಿ ಚೆನ್ನಾಗ್ ಬಂದ್ರೆ ಅರ್ಧ ಲೋಟ ಎಳ್ನೀರು ಕೇಳ್ನೋಡು" ಅಂತ ಅಪ್ಪ ನಿನ್ನೆ ಫೋನಲ್ಲಿ ನೆನಪಿಸಿದರು.