ಹೆತ್ತವರ ಹೆಸರಿರುವ ಜನಪದ

ಹಳೆಯದೆಂದು ನಂಬಿಕೊಂಡ ಧಾಟಿಗೆ ಹೆತ್ತವನೊಬ್ಬ ಸಿಕ್ಕಿಬಿಟ್ಟರೆ ನಮಗೆ ಅದೇನೋ ನಿರಾಸೆ. ಆಟಿಕೆಗಳ ವಾಲ್ಟ್ಸ್ ಎಂಬರ್ಥದ ‘ಲಾ ವಾಲ್ಸ್ ದೆ ಜುಯೆ’ ಅಂಥದ್ದೊಂದು ಧಾಟಿ. ಪಿಟೀಲು, ಅಕಾರ್ಡಿಯನ್ ಹಿಡಿದವರು ನಾಲ್ಕು ಜನ ಸೇರಿದಲ್ಲಿ ಅದು ಫ್ರೆಂಚ್ ಕೆನಡಾದ ಪುರಾತನ ಸೊತ್ತೆಂಬಂತೆ ಓಡಾಡಿಕೊಂಡಿದೆ. ಕಟ್ಟಿದವರು ನೋಡಿದರೆ ನಮ್ಮ ಕಾಲದವರೇ ಆದ ಕೆಬೆಕ್‌ನ ಮಿಶೆಲ್ ಫೋಬೆರ್. ಕಥೆ ಹೇಳುವುದಕ್ಕೂ ‘ಲೆ ಶಾರ್ಬೊನಿಯೆ ದ ಲಾಂಫೆರ್’ ತಂಡದಲ್ಲಿ ವಾದ್ಯದ ಹಂಗಿಲ್ಲದೆ ಹಾಡುವುದಕ್ಕೂ ಹೆಸರಾದವರು. ಹಾಗಾದರೆ ಇದನ್ನು ಜನಪದದ ನಕಲು ಎಂದು ಬದಿಗಿಡೋಣವೇ? ನನಗೆ ಮನಸ್ಸು ಬಾರದು. ಸಂಪ್ರದಾಯವನ್ನು ಅಳೆಯಬೇಕಾದದ್ದು ಧಾಟಿ ಕೈಯಿಂದ ಕೈಗೆ ದಾಟುವ ಬಗೆಯಿಂದ. ಅದರ ಜಾತಕ ನೋಡಿ ಪ್ರಯೋಜನವಿಲ್ಲ.

ಜಾತಕವನ್ನೇ ನೋಡುವುದಾದರೆ ಕೆಬೆಕ್‌ನ ಸಂಗೀತದಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಅದರ ಜೀವಾಳವಾದ ರೀಲ್ ಎಂಬ ಕುಣಿತದ ಧಾಟಿ, 1763ರಲ್ಲಿ ಆ ನೆಲ ಬ್ರಿಟಿಷರ ಪಾಲಾದ ಮೇಲೆ ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನವರ ಜೊತೆ ಬಂದು ಬೇರುಬಿಟ್ಟದ್ದು. ವಾಲ್ಟ್ಸ್ ಜರ್ಮನ್, ಆಸ್ಟ್ರಿಯನ್ ಸೀಮೆಯದು. ಊರಿನವರದೇ ಆದದ್ದು ನುಡಿಸುವ ರೀತಿ. ರೀಲ್ ಶುರುವಾದರೆ ಕುರ್ಚಿಯಲ್ಲಿ ಕೂತ ಪಿಟೀಲುಗಾರನ ಎರಡೂ ಪಾದಗಳು ಹಿಮ್ಮಡಿಯೊಮ್ಮೆ, ಮುಂಗಾಲೊಮ್ಮೆ ನೆಲ ಬಡಿಯುತ್ತ ತಾಳವಾದ್ಯವೇ ಆಗುತ್ತವೆ. ಕೆಲವು ಧಾಟಿಗಳಲ್ಲಿ ಸಾಲಿನ ಕೊನೆಗೆ ಒಂದು ಮಾತ್ರೆ ಹೆಚ್ಚು, ಇಲ್ಲವೇ ಕಡಿಮೆ. ಕೇಳುವವನಿಗೆ ಲೆಕ್ಕ ತಪ್ಪಿತೆನಿಸಿದರೂ ನುಡಿಸುವವರು ಆ ಸೊಟ್ಟನ್ನು ತಿದ್ದಲು ಹೋಗುವುದಿಲ್ಲ. ಮಾಂಟ್ರಿಯಲ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಜಾನ್ ಕಾರಿನ್ಯಾನ್ (1916–1988) ಕೆಬೆಕ್ ಪಿಟೀಲಿನ ದೊಡ್ಡ ಹೆಸರು. ಆತ ಜೋಸೆಫ್ ಅಲ್ಲಾರ್‌ನಿಂದ ಕಲಿತದ್ದಲ್ಲದೆ, ಐರ್ಲೆಂಡ್ ಮೂಲದ ಮೈಕೆಲ್ ಕೋಲ್ಮನ್ ಮತ್ತು ಸ್ಕಾಟ್ಲೆಂಡಿನ ಜೇಮ್ಸ್ ಸ್ಕಾಟ್ ಸ್ಕಿನ್ನರ್‌ರ 78 ಆರ್‌ಪಿಎಂ ತಟ್ಟೆಗಳಿಗೂ ಕಿವಿಗೊಟ್ಟು ಕಲಿತ. ಸ್ಕಿನ್ನರ್ ತನ್ನ ಹೆಸರಿನಲ್ಲೇ ನೂರಾರು ಧಾಟಿ ರಚಿಸಿ ಅಚ್ಚು ಹಾಕಿಸಿದವನು. ಹೆಸರು ಗೊತ್ತಿದೆಯೆಂದು ಆ ಧಾಟಿಗಳನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ.

ಇದಕ್ಕೆ ಆಕ್ಷೇಪವಿದೆ: ನಿನ್ನೆ ಬರೆದದ್ದೂ ಜನಪದವೆಂದರೆ ಚರಿತ್ರೆಗೆ ಬೆಲೆಯೆಲ್ಲಿ? ಮಾತಿನಲ್ಲಿ ಹುರುಳಿದೆ. ಅಮೆರಿಕದ ಜೇ ಅಂಗರ್ 1982ರಲ್ಲಿ ಕಟ್ಟಿದ ‘ಅಶೋಕನ್ ಫೇರ್‌ವೆಲ್’ ಎಂಬ ವಾಲ್ಟ್ಸ್, 1990ರಲ್ಲಿ ಕೆನ್ ಬರ್ನ್ಸ್‌ರ ‘ದ ಸಿವಿಲ್ ವಾರ್’ ಟಿವಿ ಸರಣಿಯಲ್ಲಿ ಬಂದದ್ದೇ ತಡ, ಅದು ಅಂತರ್ಯುದ್ಧದ ಕಾಲದ್ದೇ ಎಂದು ಬಹಳ ಮಂದಿ ನಂಬಿಬಿಟ್ಟರು. ಇಂಥ ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. ಆದರೆ ಕಾಲ ತಿದ್ದುವುದೇ ಬೇರೆ, ಪಂಕ್ತಿಯಿಂದ ಎಬ್ಬಿಸುವುದೇ ಬೇರೆ. ಶೈಲಿಯ ವ್ಯಾಕರಣ ಬಲ್ಲವನು ಕಟ್ಟಿದ ಧಾಟಿಯನ್ನು ಬೇರೆಯವರು ಕಿವಿಯಿಂದ ಕಲಿತು, ತಮ್ಮ ಬಿಲ್ಲಿಗೆ ಒಗ್ಗಿಸಿಕೊಂಡು, ಕುಣಿಯುವವರಿಗಾಗಿ ನುಡಿಸಿದರೆ ಸಂಪ್ರದಾಯಕ್ಕೆ ಇನ್ನೇನು ಬೇಕು? ಹಾಗಿದ್ದ ಮೇಲೆ ಫೋಬೆರ್ ಹೆಸರಿನ ಗೊಡವೆ ಯಾಕೆ ಎಂದು ಇನ್ನೊಂದು ಕಡೆಯಿಂದ ಕೇಳುವವರೂ ಉಂಟು. ಗೊಡವೆ ಬೇಕು. ಧ್ವನಿಮುದ್ರಿಕೆಯ ಮೇಲೆ ‘ಸಾಂಪ್ರದಾಯಿಕ’ ಎಂದಷ್ಟೇ ಅಚ್ಚಾದರೆ, ಬದುಕಿರುವ ಕಲಾವಿದನಿಗೆ ಸಲ್ಲಬೇಕಾದ ಗೌರವಧನವೂ ತಪ್ಪುತ್ತದೆ. ಧಾಟಿ ಊರಿನದಾಗಲು ಕಟ್ಟಿದವನು ಅನಾಮಿಕನಾಗಬೇಕಿಲ್ಲ. ಊರಿನದಾದ ಮೇಲೆ ಅವನ ಹೆಸರು ಬರೆಯುವ ಹೊಣೆಯೂ ಊರಿನದೇ.